ಕಂಡಕ್ಟರ್ ಬೋರಲಿಂಗಯ್ಯನವರ ರೈಟ್

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ನಮ್ಮ ಬೀದಿಗೆ ನಲ್ಲಿ ನೀರು ಬರುವ ಸರದಿ. ಅದುವರೆಗೆ ನಮ್ಮ ಮನೆಯ ನೀರನ್ನು ಬೀದಿಯವರೇ ಹಿಡಿದು ತುಂಬಿಸಿದ್ದರು. ಯಾರು ಯಾವ ಕೊಡ ತುಂಬಿದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ದಿನ ಬೆಳಿಗ್ಗೆ ಆರಕ್ಕೆ ಎದ್ದು ನಾನೇ ಪೈಪು ಸಿಕ್ಕಿಸಿದೆ. ನೀರು ಬಂತು. ಡ್ರಮ್ಮು ತುಂಬಿತು. ನನ್ನ ಗಂಡ ಮಧುಕೇಶ ತೀರಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಅದು.

ಅತ್ತೆ ಒಳಗೆ ಹಾಲು ಕಾಯಲು ಇಟ್ಟಿದ್ದರು. ಅವರು ಪುರಸಭೆಯ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಚೂಡಾಮಣಿ ಸಿಸ್ಟರ್. ಅಂದು ಹನ್ನೊಂದಕ್ಕೆ ಡ್ಯೂಟಿಗೆ ಹೋಗುವವರಿದ್ದರು. ಬಿಳಿ ಸೀರೆ ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು. ಆ ಹೊತ್ತಿಗೆ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು ಬಾಗಿಲಲ್ಲೇ ನಿಂತರು.

"ಸಿಸ್ಟರೇ, ಕೊಟ್ಟು ಹೋಗೋಣ ಅಂತ ಬಂದೆ."

"ಏನನ್ನ?"

"ಇನ್ನೇನನ್ನ? ನಿಮ್ಮ ಅಯ್ಯೋನ."

ಅತ್ತೆ ಇಕ್ಕಳ ಹಿಡಿದುಕೊಂಡು ಹಾಗೇ ನಿಂತರು. ಹನ್ನೊಂದು ವರ್ಷದ ಹಿಂದೆ ಪುಟ್ಟತಾಯಮ್ಮ ಅತ್ತೆಯಿಂದ ಅಯ್ಯೋ ಎಂಬ ಮಾತನ್ನೇ ಇಸಿದುಕೊಂಡಿದ್ದರು. ಆಗ ಅವರ ಮನೆಯಲ್ಲಿ ಮಗಳ ಬಾಣಂತನ, ದಿನವಿಡೀ ಗಲಾಟೆ. ಅವರ ಸ್ವಂತದ ಅಯ್ಯೋಗೆ ಯಾರೂ ತಿರುಗಿ ನೋಡದಂತಾಗಿತ್ತು. ಒಂದು ತಿಂಗಳಿಗೆ ಎಂದು ಒಯ್ದದ್ದು ಅಲ್ಲೇ ಉಳಿಯಿತು. ಅತ್ತೆಯೂ ಕೇಳಲಿಲ್ಲ. ಅಯ್ಯೋ ಅನ್ನದ ನರ್ಸು ಎಂದು ಆಸ್ಪತ್ರೆಯಲ್ಲಿ ಅವರಿಗೆ ಹೆಸರು ಬಂತು. ಸುಟ್ಟ ಗಾಯ ಬರಲಿ, ಮುರಿದ ಮೂಳೆ ಬರಲಿ, ಸಿಸ್ಟರ್ ಬಾಯಲ್ಲಿ ಅಯ್ಯೋ ಬರಲಿಲ್ಲ ಎಂಬ ಧೈರ್ಯದಲ್ಲೇ ಅರ್ಧ ವಾಸಿಯಾಗುವ ರೋಗಿಗಳಿದ್ದರು. ಮಗನನ್ನು ಮನೆಗೆ ತಂದು ಮಲಗಿಸಿದಾಗಲೂ ಅವರ ಬಾಯಲ್ಲಿ ಅದು ಬರಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಹೊರಗಿನಿಂದ ಬಂದ ನೆಂಟರು ಎಂಥ ಕಲ್ಲೆದೆ ಅಂದುಕೊಂಡರು.

"ಅವತ್ತೇ ತರಬೇಕಿತ್ತು ಕಣಮ್ಮ," ಎಂದು ಪುಟ್ಟತಾಯಮ್ಮ ನನ್ನ ಕಡೆ ತಿರುಗಿದರು. "ಮಧು ಸುದ್ದಿ ಕೇಳಿ ನಾನೇ ಅಯ್ಯೋ ಅಯ್ಯೋ ಅಂತ ಬಡ್ಕೊಂಡೆ ನೋಡು. ಹೆತ್ತವಳದ್ದನ್ನ ಇಟ್ಕೊಂಡು ನಾನು ಅತ್ತುಬಿಟ್ಟೆ. ಆಮೇಲೆ ನಾಚಿಕೆಯಾಯ್ತು. ಆ ಜನದ ಮಧ್ಯೆ ಇವರ ಕಿವಿ ಹತ್ರ ಬರೋಕೂ ಆಗಲಿಲ್ಲ."

ಅವರು ಅತ್ತೆಯ ಬಲಗಿವಿಗೆ ಬಾಯಿ ಹಚ್ಚಿ ಮೂರು ಸಲ ಅಯ್ಯೋ ಎಂದರು. ಇಲ್ಲಿ ಮಾತು ವಾಪಸು ಕೊಡುವುದು ಹಾಗೆ. ಅತ್ತೆ ತಲೆಯಾಡಿಸಿ, "ಬಂತು," ಎಂದರು. ಆಮೇಲೆ ಏನು ಮಾಡಬೇಕೆಂದು ಮೂವರಿಗೂ ತೋಚಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು.

"ಅಯ್ಯೋ, ಹಾಲು!" ಎಂದರು ಅತ್ತೆ.

ಹನ್ನೊಂದು ವರ್ಷದ ಮೇಲಿನ ಮೊದಲ ಅಯ್ಯೋ ಹಾಲಿಗೆ ಹೋಯಿತು. ಒಲೆ ಆರಿಸಿ, ಕಟ್ಟೆಯ ಅಂಚು ಹಿಡಿದು ನಿಂತು, ಎರಡನೆಯದನ್ನು ಮಗನಿಗೆ ಅಂದರು. ಪುಟ್ಟತಾಯಮ್ಮ ಒಲೆಯ ಮೇಲಿನ ಹಾಲು ಒರೆಸಿದರು. ನಾನು ಉಳಿದ ಹಾಲಿಗೆ ಡಿಕಾಕ್ಷನ್ ಬೆರೆಸಿದೆ. ಹನ್ನೊಂದಕ್ಕೆ ಅತ್ತೆ ಡ್ಯೂಟಿಗೆ ಹೋದರು.

ನಾನು ಈ ಊರಿನವಳಲ್ಲ, ಮದುವೆಯಾಗಿ ಬಂದವಳು. ನಮ್ಮ ತವರಿನಲ್ಲಿ ಜನ ಮಾತು ಕೊಡುತ್ತಾರೆ, ಮಾತು ತಪ್ಪುತ್ತಾರೆ, ಅಷ್ಟೇ. ಇಲ್ಲಿ ಮಾತು ಕೊಟ್ಟರೆ ಕೊಟ್ಟವರ ಬಾಯಲ್ಲಿ ಅದು ಇರುವುದಿಲ್ಲ. ಬಂದ ಹೊಸತರಲ್ಲಿ ಒಂದು ಮದುವೆಯ ಊಟದಲ್ಲಿ ನನ್ನ ಎದುರಿನ ಪಂಕ್ತಿಯ ಹಿರಿಯರೊಬ್ಬರಿಗೆ ಅನ್ನದ ಮೇಲೆ ಅನ್ನ ಬಡಿಸುತ್ತಲೇ ಇದ್ದರು. ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಅವರು ಸಾಕು ಅನ್ನೋದನ್ನ ಬೀಗರಿಗೆ ಕೊಟ್ಟಿದ್ದಾರೆ," ಎಂದು ಮಧು ನನ್ನ ಕಿವಿಯಲ್ಲಿ ಹೇಳಿದ. ಬಟ್ಟೆ ಅಂಗಡಿಯ ಒಬ್ಬರು ಇಲ್ಲ ಎನ್ನುವುದನ್ನು ಯಾರಿಗೋ ಕೊಟ್ಟು, ಕೇಳಿದ ಬಣ್ಣ ತಮ್ಮಲ್ಲಿ ಇರದಿದ್ದರೆ ಗಿರಾಕಿಯ ಕೈ ಹಿಡಿದು ಎದುರಿನ ಅಂಗಡಿಗೆ ಬಿಟ್ಟು ಬರುತ್ತಿದ್ದರು. ಅವರವರ ಮಾತು ಬಳಸಿ ಬಳಸಿ ಸವೆಯುತ್ತದೆ, ಇನ್ನೊಬ್ಬರ ಮಾತಿಗೆ ಇನ್ನೊಬ್ಬರ ತೂಕ ಇರುತ್ತದೆ, ಅದಕ್ಕೆ ಇಸಿದುಕೊಳ್ಳುತ್ತಾರೆ ಎಂದಷ್ಟೇ ನಾನು ತಿಳಿದುಕೊಂಡೆ. ಹೆಚ್ಚು ಕೇಳಲಿಲ್ಲ. ನನ್ನ ಕೆಲಸ ನೀರಿನ ಪರೀಕ್ಷೆ. ನೀರು ಯಾಕೆ ಹರಿಯುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕುಡಿಯಬಹುದೇ ಎಂದು ಕೇಳುತ್ತಾರೆ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಾನು ನೀರು ಸರಬರಾಜಿನ ಲ್ಯಾಬಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಸುತ್ತಲಿನ ಕೊಳವೆಬಾವಿಗಳಿಂದ ಬಾಟಲಿ ಬರುತ್ತದೆ. ನಾನು ಪರೀಕ್ಷಿಸಿ ಯೋಗ್ಯ ಅಥವಾ ಯೋಗ್ಯವಲ್ಲ ಎಂದು ಬರೆಯುತ್ತೇನೆ. ಯೋಗ್ಯವಲ್ಲ ಎಂದು ಬರೆದ ಊರಿನವರು ಮರುದಿನವೂ ಅದನ್ನೇ ಕುಡಿಯುತ್ತಾರೆ. ಒಂದು ಸಲವಾದರೂ ಕೆಟ್ಟ ನೀರು ನನ್ನ ಕೈಯಿಂದ ಒಳ್ಳೆಯ ನೀರಾಗಬೇಕು ಎಂದು ನನಗೆ ಆಸೆ. ಅದನ್ನು ದೊಡ್ಡದಾಗಿ ಮಾಡುವ ಕಡೆ ಕಲಿಯಬೇಕು, ಕಲಿತ ಮೇಲೆ ಅಲ್ಲೇ ಕೆಲವು ವರ್ಷ ಕೆಲಸ ಮಾಡಬೇಕು. ಕಲಿಯುವುದೇ ಬೇರೆ, ಕೈ ಪಳಗುವುದೇ ಬೇರೆ.

ಆ ವರ್ಷ ಹೊರದೇಶದ ಎರಡು ವಿಶ್ವವಿದ್ಯಾಲಯಗಳು ನನಗೆ ಸೀಟು ಕೊಟ್ಟಿದ್ದವು. ಒಂದು ಎಲ್ಲರೂ ಕೇಳಿರುವ ದೊಡ್ಡ ಹೆಸರಿನದು. ಒಂದೇ ವರ್ಷದ ಓದು, ಪೂರ್ತಿ ವಿದ್ಯಾರ್ಥಿವೇತನ, ಓದು ಮುಗಿದ ತಿಂಗಳೇ ವಾಪಸು ಬರಬೇಕೆಂಬ ಷರತ್ತು. ಇನ್ನೊಂದು ಯಾರೂ ಕೇಳದ ಒಂದು ನದಿಯ ಊರಿನದು. ಎರಡು ವರ್ಷದ ಓದು, ಆಮೇಲೆ ಮೂರು ವರ್ಷ ಅಲ್ಲಿ ದುಡಿಯಲು ಪರವಾನಗಿ. ಆ ಊರಿನ ನೀರು ಶುದ್ಧಿ ಘಟಕ ಅಲ್ಲಿಯ ವಿದ್ಯಾರ್ಥಿಗಳನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಗಂಡನನ್ನೂ ಕರೆದುಕೊಂಡು ಹೋಗಬಹುದು.

ಮಧುಗೆ ಎರಡನೆಯದೇ ಆಗಬೇಕಿತ್ತು. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಹೇಳುವವನು. "ನೀನು ಮೊದಲು ಹೋಗು. ಕೆಲಸ ಹಿಡಿ. ನಾನು ಹಿಂದಿನ ಬಸ್ಸಿಗೆ ಬರ್ತೀನಿ. ಅಲ್ಲೂ ಬಸ್ಸು ಇರ್ತವೆ, ಮೈಕೂ ಇರುತ್ತೆ," ಎನ್ನುತ್ತಿದ್ದ. ಹಿಂದಿನ ವರ್ಷವೂ ಇಂಥದೇ ಒಂದು ಸೀಟು ಸಿಕ್ಕಿತ್ತು. ಒಪ್ಪಿಗೆ ಎಂಬ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೊನೆಯ ದಿನವೆಲ್ಲ ಕೂತಿದ್ದೆ. ಒತ್ತಲಿಲ್ಲ. ಸಂಜೆ ಐದಕ್ಕೆ ಗುಂಡಿ ಬೂದು ಬಣ್ಣಕ್ಕೆ ತಿರುಗಿತು. ಮಧು ಬಯ್ಯಲಿಲ್ಲ. ಉಪ್ಪಿಟ್ಟು ಮಾಡಿ ಕೊಟ್ಟ.

ಈ ವರ್ಷ ಇಪ್ಪತ್ತನೆಯ ತಾರೀಖಿನೊಳಗೆ ಉತ್ತರ ಕೊಡಬೇಕಿತ್ತು. ಅವನು ಜ್ವರ ಅಂತ ಮಲಗಿ ಐದನೆಯ ದಿನ ಹೋಗಿಬಿಟ್ಟ. ಅತ್ತೆ ಡ್ಯೂಟಿಗೆ ಹೋದ ಆ ಬೆಳಿಗ್ಗೆ ಹದಿನಾರು ದಿನ ಬಾಕಿ ಇತ್ತು.

ಅಪ್ಪ ದಿನಾ ಫೋನು ಮಾಡುತ್ತಿದ್ದರು. "ಹೈಮಾ, ಒಂದು ವರ್ಷದ್ದಕ್ಕೆ ಹೋಗಮ್ಮ. ಜಾಗ ಬದಲಾದ ಹಾಗೂ ಆಗುತ್ತೆ, ದೊಡ್ಡ ಹೆಸರೂ ಸಿಗುತ್ತೆ. ಬಂದ ಮೇಲೆ ಇಲ್ಲೇ ಕಾಲೇಜಿಗೆ ಸೇರ್ಕೋಬಹುದು. ಆ ಇನ್ನೊಂದು ಊರು ಇಬ್ಬರಿಗೆ ಅಂತ ನೋಡಿದ್ದು. ಒಬ್ಬಳೇ ಹೋಗಿ ಅಲ್ಲಿ ಕೆಲಸ ಅಂತ ಉಳ್ಕೊಂಡರೆ ಏನು ಅರ್ಥ?"

ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಲ್ಯಾಬಿನವರೂ ಅದನ್ನೇ ಹೇಳಿದರು. ಒಂದು ವರ್ಷ ಹೋಗಿ ಬಂದರೆ ಅದು ದುಃಖಕ್ಕೆ ಒಪ್ಪುತ್ತದೆ. ಐದು ವರ್ಷ ಹೋಗುವುದು ಆಸೆ. ಗಂಡ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ, ನನಗೆ ಆ ನದಿಯ ಊರು ಬೇಕಾಗಿತ್ತು. ಅವನಿದ್ದಾಗ ಎಷ್ಟು ಬೇಕಾಗಿತ್ತೋ ಅಷ್ಟೇ ಬೇಕಾಗಿತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ನಾನು ಮಾತಾಡಿದ್ದೇ ಕಡಿಮೆ.

ಹದಿನೇಳನೆಯ ತಾರೀಖು ಮಧ್ಯಾಹ್ನ ನದಿಯ ಊರಿನ ಕಚೇರಿಯಿಂದ ಒಬ್ಬ ಹೆಂಗಸು ಫೋನು ಮಾಡಿದರು. ಅವರಿಗೆ ಅದು ಬೆಳಿಗ್ಗೆ. ನನ್ನ ಅರ್ಜಿಯಲ್ಲಿ ಜೊತೆಗೆ ಬರುವವರು ಎಂಬಲ್ಲಿ ಗಂಡನ ಹೆಸರಿದೆ, ಅವರ ಒಂದು ಕಾಗದ ಬಂದಿಲ್ಲ ಎಂದರು. ನಾನು ವಿಷಯ ಹೇಳಿದೆ. ಅವರು, ಆ ಕಾಲಮ್ಮನ್ನು ತಿದ್ದಲು ನೀವು ಹೋಗಬೇಡಿ, ನಾನೇ ತಿದ್ದುತ್ತೇನೆ, ಅದನ್ನು ನೀವು ಮತ್ತೆ ತೆರೆದು ನೋಡುವ ಅಗತ್ಯವಿಲ್ಲ ಎಂದರು. ಮುಖ ನೋಡದ ಆ ಹೆಂಗಸಿನ ಋಣ ನನ್ನ ಮೇಲಿದೆ. ಬೇಕಿದ್ದರೆ ಒಂದು ವರ್ಷ ಮುಂದೆ ಹಾಕಬಹುದು ಎಂದೂ ಹೇಳಿದರು. ಕೊನೆಗೆ, ಓದು ಮುಗಿದ ಮೇಲೆ ಇಲ್ಲಿ ಕೆಲಸ ಮಾಡುವ ಉದ್ದೇಶ ಇನ್ನೂ ಇದೆಯೇ, ನೀರಿನ ಘಟಕಕ್ಕೆ ಹೆಸರು ಕಳಿಸಬೇಕು ಎಂದು ಕೇಳಿದರು. ನಾನು ಯೋಚಿಸಿ ತಿಳಿಸುತ್ತೇನೆ ಎಂದೆ.

ಫೋನಿಟ್ಟು ಲ್ಯಾಪ್‌ಟಾಪ್ ಮುಚ್ಚಿದೆ. ಏನೋ ಒಂದು ಮುಗಿಸಿದಾಗ ಅನ್ನುವ ಹಾಗೆ, "ರೈಟ್," ಎಂದೆ.

ಅದು ನನ್ನ ದನಿಯಲ್ಲ. ರೈ ಎಂದು ಎಳೆದು, ಟ್ ಎಂದು ತಗಡಿಗೆ ಬಡಿದ ಹಾಗೆ ನಿಂತಿತು. ಕಿಟಕಿಯ ಹೊರಗೆ ಪುಟ್ಟತಾಯಮ್ಮನ ಜೊತೆ ಚೌಕಾಸಿ ಮಾಡುತ್ತಿದ್ದ ಆಟೋ ಗಡಗಡ ಎಂದು ಹೊರಟೇಹೋಯಿತು. "ಏಯ್! ಹತ್ತೋಕೆ ಮುಂಚೆ ಓಡಿಸ್ತೀಯೇನೋ? ತಲೆ ಕೆಟ್ಟಿದ್ಯಾ?" ಎಂದು ಪುಟ್ಟತಾಯಮ್ಮ ಕೂಗಿದರು. ನಾನು ಇನ್ನೊಂದು ಸಲ, ಮೆಲ್ಲಗೆ ಹೇಳಿ ನೋಡಿದೆ. ಗೇಟಿನ ಹತ್ತಿರ ಮಲಗಿದ್ದ ನಾಯಿ ಎದ್ದು ಬೀದಿ ಹಿಡಿದು ನಡೆಯಿತು.

ನನ್ನದೂ ಒಂದು ರೈಟ್ ಇದೆ, ಕೆಂಪು ಶಾಯಿಯಲ್ಲಿ ಉತ್ತರಪತ್ರಿಕೆಯ ಮೇಲೆ ಹಾಕುವಂಥದ್ದು. ಅದಕ್ಕೆ ಆಟೋ ಹೊರಡುವುದಿಲ್ಲ. ಇದು ಬಸ್ಸಿನ ರೈಟ್. ಊರಿನಲ್ಲಿ ಯಾರನ್ನು ಕೇಳಿದರೂ ಯಾರದೆಂದು ಹೇಳುತ್ತಾರೆ. ಹತ್ತೂ ಇಪ್ಪತ್ತರ ಬಸ್ಸಿನ ಕಂಡಕ್ಟರ್ ಬೋರಲಿಂಗಯ್ಯನವರದು. ಅದು ನನ್ನ ಬಾಯಿಗೆ ಬಂದದ್ದು ಹೇಗೆ ಎಂದೂ ಗೊತ್ತಾಯಿತು. ಇಸಿದುಕೊಂಡವರು ತೀರಿಕೊಂಡರೆ ಮಾತು ಅವರ ಬಾಯಿಗೆ ಕೊನೆಯ ನೀರು ಬಿಟ್ಟವರ ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಮಧುಗೆ ನೀರು ಬಿಟ್ಟವಳು ನಾನು. ಆದರೆ ಅವನು ಅದನ್ನು ಯಾಕೆ ಇಸಿದುಕೊಂಡಿದ್ದ ಎಂದು ಗೊತ್ತಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ಬಸ್ ನಿಲ್ದಾಣಕ್ಕೆ ಹೋದೆ. ಮಧುವಿನ ಕುರ್ಚಿಯಲ್ಲಿ ಕೂತಿದ್ದ ಹೊಸಬ ನನ್ನನ್ನು ನೋಡಿ ಮೈಕು ಆರಿಸಿ ಎದ್ದು ನಿಂತ. ಕೂತ್ಕೊಳ್ಳಿ ಎಂದು ಕೈ ಮಾಡಿ ಮುಂದೆ ನಡೆದೆ. ಹತ್ತೂ ಇಪ್ಪತ್ತರ ಬಸ್ಸು ಆರನೆಯ ಅಂಕಣದಲ್ಲಿ ನಿಂತಿತ್ತು. ಬೋರಲಿಂಗಯ್ಯ ಹಿಂದಿನ ಬಾಗಿಲಲ್ಲಿ ನಿಂತು ಬಸ್ಸಿನ ಮೈಗೆ ಅಂಗೈಯಿಂದ ಧಪಧಪ ಬಡಿಯುತ್ತಿದ್ದರು. ಮುಂದೆ ಡ್ರೈವರ್ ನಂಜಪ್ಪ ಹಣೆಯ ಮೇಲೆ ಕೈಯಿಟ್ಟು ಕನ್ನಡಿಯಲ್ಲಿ ನೋಡುತ್ತಿದ್ದರು. ಬೋರಲಿಂಗಯ್ಯ ಸೀಟಿ ಊದಿದರು. ಪಕ್ಕದ ಅಂಕಣದ ಬಸ್ಸು ಹೊರಟಿತು. ಒಳಗಿನವರೆಲ್ಲ ನಕ್ಕರು.

"ಏನ್ ಕಂಡಕ್ಟರೇ, ಎರಡು ತಿಂಗಳಾಯ್ತು, ಮೌನವ್ರತ ಮುಗೀಲಿಲ್ವಾ?" ಎಂದು ಒಬ್ಬ ಮುದುಕ ಕೂಗಿದ.

"ನಿಮಗೆ ಟಿಕೆಟ್ ಕೊಡೋಕೆ ಬಾಯಿ ಬರುತ್ತಲ್ಲ, ಸಾಕು ಕೂತ್ಕೊಳ್ಳಿ," ಎಂದರು ಬೋರಲಿಂಗಯ್ಯ. ಆಗ ನನ್ನನ್ನು ಕಂಡರು. ಕೈ ಕೆಳಗೆ ಬಿತ್ತು. ಇಳಿದು ಬಂದು, "ಬನ್ನಿ ತಾಯಿ. ಮಧು ಸಾಮಾನಿಗೆ ಬಂದ್ರಾ? ನಾನೇ ತಂದುಕೊಡ್ತಿದ್ದೆನಲ್ಲ," ಎಂದರು.

"ನಿಮ್ಮ ರೈಟ್ ನನ್ನ ಹತ್ತಿರ ಇದೆ, ಬೋರಲಿಂಗಯ್ಯನವರೇ."

ಅವರು ಬಸ್ಸಿನ ಚಕ್ರದ ಕಡೆ ನೋಡಿದರು. "ಇರ್ಲಿ ಬಿಡಿ. ಅವಸರ ಏನಿಲ್ಲ."

"ಅವಸರ ಇಲ್ವಾ? ಕೈ ಊದಿದೆ."

"ಕೈಗೇನು, ಎಣ್ಣೆ ಹಚ್ಚಿದ್ರೆ ಹೋಗುತ್ತೆ. ಸಾವಿನ ಮನೆಗೆ ಬಂದು ನನ್ನ ಮಾತು ಕೊಡಿ ಅಂತ ಕೇಳೋಕಾಗುತ್ತಾ?"

ನಂಜಪ್ಪನಿಗೆ ಎರಡು ನಿಮಿಷ ಎಂದು ಕೈ ತೋರಿಸಿ ಅವರು ನನ್ನನ್ನು ಸಿಮೆಂಟಿನ ಬೆಂಚಿನ ಮೇಲೆ ಕೂರಿಸಿದರು. ತಾವು ಕೂರಲಿಲ್ಲ. ಮಧು ಇದನ್ನು ಯಾಕೆ ಇಸಿದುಕೊಂಡ ಎಂದು ನಾನು ಕೇಳಿದೆ.

"ನಿಮಗೆ ಹೇಳಿರಲಿಲ್ವಾ? ಜ್ವರ ಬರೋಕೆ ಒಂದು ತಿಂಗಳು ಮುಂಚೆ ಬಂದ. ಬೋರಲಿಂಗಣ್ಣ, ನಮ್ಮನೇಲಿ ಒಂದು ಬಸ್ಸು ನಿಂತಿದೆ, ಹೋದ ವರ್ಷದ ಟ್ರಿಪ್ಪೂ ತಪ್ಪಿಹೋಯ್ತು, ನಾನು ಹೇಳಿದ್ರೆ ಹೊರಡಲ್ಲ ಅಂದ. ದಿನಾ ಮೈಕಲ್ಲಿ ಹೊರಡಲಿದೆ, ಹೊರಡಲಿದೆ ಅಂತ ಹೇಳಿ ಹೇಳಿ ನನ್ನ ಮಾತು ಸವೆದುಹೋಗಿದೆ, ನಿಂದು ಕೊಡು, ಇಪ್ಪತ್ತನೇ ತಾರೀಖು ಹೇಳಿಬಿಟ್ಟು ಇಪ್ಪತ್ತೊಂದಕ್ಕೆ ವಾಪಸ್ ಕೊಡ್ತೀನಿ ಅಂದ."

"ಬಸ್ಸು ಅಂದ್ರೆ ನಾನಾ?"

"ಅವನು ಹಂಗಂದಿದ್ದು ತಾಯಿ, ನಾನಲ್ಲ," ಎಂದು ಅವರು ಗಾಬರಿಯಾದರು.

ನನಗೆ ನಗು ಬಂತು. ಅವನು ಹೋದ ಮೇಲೆ ಅದೇ ಮೊದಲು. ನಗು ನಿಂತ ಮೇಲೆ ಬೆಂಚಿನ ಸಿಮೆಂಟು ತಣ್ಣಗಿರುವುದು, ಯಾರೋ ಸೌತೆಕಾಯಿ ಮಾರುತ್ತಿರುವುದು, ಎಲ್ಲ ಗೊತ್ತಾಗತೊಡಗಿತು. ನಾನು ಎದ್ದು, "ಬಲಗಿವಿ ಕೊಡಿ, ಈಗಲೇ ಹೇಳ್ತೀನಿ," ಎಂದೆ.

"ಆ ಕೆಲಸ ಆಯ್ತಾ?"

"ಇಲ್ಲ."

"ಹಂಗಾದ್ರೆ ಬೇಡ. ಕೆಲಸ ಮಾಡದೆ ವಾಪಸ್ ಬಂದ ಮಾತು ಹಳಸಿರುತ್ತೆ. ನಮ್ಮಪ್ಪನ ನಡಿ ಅನ್ನೋದು ಹಂಗೇ ಹಾಳಾಯ್ತು. ಕೊನೇವರೆಗೂ ಅವರು ನಡಿ ಅಂದ್ರೆ ಎತ್ತು ಮಲಗಿಬಿಡ್ತಿದ್ವು."

"ಒಂದು ಆಟೋ ಹೊರಡಿಸಿದ್ದೀನಿ. ಒಂದು ನಾಯೀನೂ ಎದ್ದು ಹೋಯ್ತು."

"ಅವು ಲೆಕ್ಕಕ್ಕಿಲ್ಲ."

"ಹಾಗಿದ್ರೆ ನನಗೆ ನಾನೇ ಹೇಳ್ಕೊಂಡು ಇವತ್ತೇ ತಂದುಕೊಡ್ತೀನಿ."

ಬೋರಲಿಂಗಯ್ಯ ತಲೆ ಅಡ್ಡ ಆಡಿಸಿದರು. "ಎಲ್ಲಾರೂ ತಪ್ಪು ತಿಳ್ಕೊಂಡಿದ್ದಾರೆ ತಾಯಿ. ರೈಟ್ ಅಂದ್ರೆ ಹೋಗು ಅಂತ ಅಲ್ಲ. ಹೋಗೋದು ಡ್ರೈವರಿಗೆ ಗೊತ್ತು, ಅವನ ಕಾಲು ಆಗಲೇ ಅಲ್ಲಿರುತ್ತೆ. ಅವನು ಮುಂದೆ ನೋಡೋನು. ಹಿಂದೆ ಯಾರು ಹತ್ತಿದ್ರು, ಯಾರು ಅರ್ಧ ಹತ್ತಿ ಬಾಗಿಲಲ್ಲಿ ನೇತಾಡ್ತಿದಾರೆ, ಯಾರ ಸೆರಗು ಸಿಕ್ಕಿಕೊಂಡಿದೆ ಅಂತ ಅವನಿಗೆ ಕಾಣಲ್ಲ. ಅದನ್ನ ನಾನು ನೋಡಿ ಹೇಳೋದೇ ರೈಟ್. ಹಿಂದೆ ನೋಡ್ದೆ ರೈಟ್ ಅಂದ್ರೆ ಅದು ಕಂಡಕ್ಟರ್ ಕೆಲಸ ಅಲ್ಲ. ನೀವು ಮೊದಲು ಹಿಂದೆ ನೋಡಿ, ಆಮೇಲೆ ಹೇಳಿ."

ಅಷ್ಟು ಹೇಳಿ ಬಸ್ಸಿಗೆ ಹೋಗಿ ಮತ್ತೆ ಬಡಿಯತೊಡಗಿದರು. ಹತ್ತೂ ಇಪ್ಪತ್ತರ ಬಸ್ಸು ಹತ್ತೂ ನಲವತ್ತಕ್ಕೆ ಹೊರಟಿತು.

ಸಂಜೆ ಅತ್ತೆ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆದು ಕೂತರು. ನಾನು ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಕಲಸುತ್ತಲೇ ಎಲ್ಲ ಹೇಳಿದೆ. ಬೋರಲಿಂಗಯ್ಯನವರ ಮಾತು ನನ್ನ ಬಾಯಲ್ಲಿರುವುದು, ಎರಡು ವಿಶ್ವವಿದ್ಯಾಲಯಗಳು, ಅಪ್ಪ ಹೇಳಿದ್ದು. ಕೊನೆಗೆ, "ಅತ್ತೆ, ನನಗೆ ಆ ಎರಡನೇದು ಬೇಕು. ಅವನು ಬರ್ತಾನೆ ಅಂತ ಅಲ್ಲ. ನನಗೇ ಬೇಕು. ಅಲ್ಲಿ ಕೆಲಸ ಮಾಡಬೇಕು ಅಂತ ಇದೆ," ಎಂದೆ. ಹಿಟ್ಟಿನಿಂದ ಕೈ ತೆಗೆಯಲಿಲ್ಲ.

ಅತ್ತೆ ಒದ್ದೆ ಕಾಲನ್ನು ಸೆರಗಿನಿಂದ ಒರೆಸಿಕೊಂಡರು. ಆಮೇಲೆ, "ಐದು ವರ್ಷ ಅಂದ್ರೆ ನೀನು ಬರಲ್ಲ ಅಂತ ತಾನೆ?" ಎಂದರು.

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ಯಲ್ಲ, ಒಳ್ಳೇದಾಯ್ತು. ಬಂದೇ ಬರ್ತೀನಿ ಅಂದಿದ್ರೆ ನಾನು ನಂಬ್ತಿರಲಿಲ್ಲ."

"ನಾನು ಹಿಂದೆ ನೋಡಿ ಹೇಳಬೇಕಂತೆ. ಹಿಂದೆ ಎಲ್ಲ ಸರಿಯಿದೆಯಾ?"

ಅತ್ತೆ ನನ್ನನ್ನು ನೋಡಿದರು. ಅವರು ರೋಗಿಯ ನಾಡಿ ಹಿಡಿದು ಗಡಿಯಾರ ನೋಡುವಾಗ ಮುಖ ಹೇಗಿರುತ್ತದೋ ಹಾಗಿತ್ತು. "ಎಲ್ಲಿಂದ ಸರಿಯಿರುತ್ತೇ?" ಎಂದರು. "ಮಗ ಹೋದ. ಯಾವುದೂ ಸರಿಯಿಲ್ಲ. ಇನ್ನು ಸರಿ ಆಗೋದೂ ಇಲ್ಲ. ನೀನೂ ಹೋದ್ರೆ ಈ ಮನೇಲಿ ಚಪಾತಿ ಒಬ್ಬಳಿಗೆ ಎಷ್ಟು ಲಟ್ಟಿಸೋದು ಅನ್ನೋದೂ ನನಗೆ ತಿಳಿಯಲ್ಲ. ಆದ್ರೆ ಬಾಗಿಲಲ್ಲಿ ಯಾರೂ ನೇತಾಡ್ತಿಲ್ಲ ಕಣೇ. ನನಗೆ ಇನ್ನೂ ಆರು ವರ್ಷ ಸರ್ವೀಸ್ ಇದೆ. ವಾರ್ಡು ತುಂಬ ಜನ ಇದ್ದಾರೆ. ಪಕ್ಕದಲ್ಲಿ ಪುಟ್ಟತಾಯಿ ಇದ್ದಾಳೆ, ಜೀವ ತಿನ್ನೋಕೆ. ನಾನು ಹತ್ತಿ ಕೂತಿದ್ದೀನಿ, ಸೀಟು ಸಿಕ್ಕಿದೆ. ನೀನು ಹಿಂದೆ ನೋಡಿದ್ದಾಯ್ತು."

ನಾನು ಹಿಟ್ಟು ನಾದುತ್ತಲೇ ಇದ್ದೆ. ಅತ್ತೆ ಎದ್ದು ಬಂದು ಹಿಟ್ಟಿನ ಪರಾತವನ್ನು ನನ್ನ ಕೈಯಿಂದ ಎಳೆದುಕೊಂಡರು. "ಬಿಡು, ಅದು ಸತ್ತೇಹೋಯ್ತು ಹಿಟ್ಟು. ಅಷ್ಟು ನಾದಿದ್ರೆ ಚಪಾತಿ ಅಲ್ಲ, ಬಸ್ಸಿನ ಟೈರಾಗುತ್ತೆ." ಲಟ್ಟಣಿಗೆ ಹಿಡಿದು, ನನಗೆ ಬೆನ್ನು ಮಾಡಿ, "ಬೇಕು ಅನ್ನೋಕೆ ನನ್ನ ಹತ್ರ ಇಷ್ಟು ದಿನ ಹೆದರಿಕೊಂಡಿದ್ಯಲ್ಲ, ಅದು ನನಗೆ ಬೇಜಾರು. ಇನ್ನೇನೂ ಇಲ್ಲ," ಎಂದರು.

ಹತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ತೆರೆದೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಮೊದಲು ಬರೆದೆ, ಕೊಟ್ಟದ್ದಕ್ಕೆ ಕೃತಜ್ಞಳು, ನನ್ನ ಜಾಗ ಬೇರೆಯವರಿಗೆ ಸಿಗಲಿ ಎಂದು. ಆಮೇಲೆ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅಲ್ಲಿ ಚಳಿ ಎಷ್ಟಿರುತ್ತೆ?" ಎಂದು ಕೇಳಿದರು. ಅಪ್ಪ ಒಪ್ಪುವುದು ಹಾಗೆಯೇ. ಆಮೇಲೆ ನದಿಯ ಊರಿನ ಪುಟ. ಗಂಡನ ಹೆಸರಿದ್ದ ಕಾಲಮ್ಮು ಅಲ್ಲಿ ಇರಲೇ ಇಲ್ಲ. ಆ ಹೆಂಗಸು ಹೇಳಿದ್ದನ್ನು ಮಾಡಿದ್ದರು. ಓದು ಮುಗಿದ ಮೇಲೆ ಇಲ್ಲಿ ಕೆಲಸ ಮಾಡುವ ಉದ್ದೇಶವಿದೆಯೇ ಎಂಬಲ್ಲಿ ಹೌದು ಎಂದು ಗುರುತು ಹಾಕಿದೆ. ಒಪ್ಪಿಗೆಯ ಗುಂಡಿಯ ಮೇಲೆ ಬೆರಳಿಟ್ಟೆ.

ಹಿಂದೆ ಅತ್ತೆ ಜಡೆ ಹೆಣೆದುಕೊಳ್ಳುತ್ತಿದ್ದರು. ತಿರುಗಿ ನೋಡಿದೆ. ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅವರು ತಲೆಯಾಡಿಸಿದರು.

"ರೈಟ್," ಎಂದೆ.

ಬೆರಳು ಒತ್ತಿತು. ಬೀದಿಯಲ್ಲಿ ಯಾವುದೋ ಗಾಡಿ ಹೊರಟ ಸದ್ದಾಯಿತು. ಪುಟ್ಟತಾಯಮ್ಮ ಇವತ್ತು ಆಟೋದ ಒಳಗೇ ಕೂತಿದ್ದರೆಂದು ಕಾಣುತ್ತದೆ, ಕೂಗು ಕೇಳಿಸಲಿಲ್ಲ. ಪರದೆಯ ಮೇಲೆ ಒಂದು ಸಾಲಿನ ಧನ್ಯವಾದ ಮೂಡಿತು. ನಾನೂ ಧನ್ಯವಾದ ಎಂದೆ, ಯಾರಿಗೆಂದು ಬಿಡಿಸಿ ಹೇಳಲಾರೆ. ನೀರು ಹಿಡಿದುಕೊಟ್ಟ ಬೀದಿಯವರು, ಊದಿದ ಕೈಯಲ್ಲಿ ಎರಡು ತಿಂಗಳು ಬಸ್ಸು ಬಡಿದವರು, ನನ್ನನ್ನು ಬಸ್ಸು ಎಂದು ಕರೆದವನು.

ಅತ್ತೆಯನ್ನು ಆಸ್ಪತ್ರೆಯ ಗೇಟಿನವರೆಗೆ ಬಿಟ್ಟು ಬಸ್ ನಿಲ್ದಾಣಕ್ಕೆ ಹೋದಾಗ ಹತ್ತೂ ಹದಿನೆಂಟು. ಬೋರಲಿಂಗಯ್ಯ ಬಡಿಯಲು ಕೈ ಎತ್ತಿದ್ದರು. ನನ್ನನ್ನು ನೋಡಿ, "ಹಿಂದೆ ನೋಡಿದ್ರಾ?" ಎಂದರು.

"ನೋಡಿದೆ."

"ಬಸ್ಸು ಹೊರಡ್ತಾ?"

"ಹೊರಡ್ತು."

ಅವರು ಟೋಪಿ ತೆಗೆದು ಬಲಗಿವಿ ಬಗ್ಗಿಸಿದರು. ನಾನು ಮೊದಲ ಸಲ ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದರೂ ನಂಜಪ್ಪನಿಗೆ ಅದು ಕೇಳಿಸಿತು, ಎರಡು ತಿಂಗಳಿಂದ ಕಾದಿದ್ದ ಮನುಷ್ಯ. ಬಸ್ಸು ನಮ್ಮನ್ನು ಬಿಟ್ಟು ಹೊರಟೇಬಿಟ್ಟಿತು. "ಹೋಲ್ಡಾನ್! ಹೋಲ್ಡಾನ್!" ಎಂದು ಬೋರಲಿಂಗಯ್ಯ ಕೂಗಿದರು. ಅದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಬಸ್ಸು ನಿಂತಿತು, ಕಿಟಕಿಗಳಲ್ಲೆಲ್ಲ ತಲೆಗಳು ಹೊರಗೆ ಬಂದವು. ನಾವು ಓಡಿಹೋಗಿ ಹಿಂದಿನ ಬಾಗಿಲ ಹತ್ತಿರ ನಿಂತೆವು. ಅವರ ಕಿವಿಗೆ ಎರಡೂ ಕೈ ಮರೆ ಮಾಡಿ ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ನನ್ನ ತುಟಿಗೆ ನನ್ನದೇ ಉಸಿರು ತಗಲಿದ್ದು ಗೊತ್ತಾಯಿತು, ದನಿ ಇರಲಿಲ್ಲ.

"ಬಂತು," ಎಂದರು ಬೋರಲಿಂಗಯ್ಯ. ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಹೊರಗೆ ಬಾಗಿ ಬಸ್ಸಿನ ಹಿಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ನನ್ನ ಸೆರಗು ಬಾಗಿಲಿನಿಂದ ದೂರ ಇದೆಯೇ ಎಂದೂ ನೋಡಿದರು. ಆಮೇಲೆ ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದರು.

"ರೈ…ಟ್!"